ಗೆರೆ ಸಿಸ್ಟರ್ ಮತ್ತು ಗೋಡೆಯ ಸುಳ್ಳು

ಗೆರೆ ಸಿಸ್ಟರ್ ಎಂಬ ಹೆಸರು ಡ್ರೈವರಮ್ಮನ ಕಿವಿಗೆ ಮೊದಲು ಬಿದ್ದದ್ದು ಟೀ ಉಕ್ಕಿ ಒಲೆಯೆಲ್ಲ ರಾಡಿಯಾದ ಒಂದು ಮಧ್ಯಾಹ್ನ. ಉಕ್ಕುವುದಕ್ಕೆ ಕಾರಣ ನಾದಿನಿ. ಆಕೆ ದೊಡ್ಡಾಸ್ಪತ್ರೆಯಲ್ಲಿ ಆಯಾ. ಡ್ಯೂಟಿ ಮುಗಿಸಿ ತನ್ನ ಮನೆಗೆ ಹೋಗುವ ಮುಂಚೆ ಅಣ್ಣನ ಮನೆಗೆ ಬಂದು, ಚಪ್ಪಲಿ ಬಿಡುವುದಕ್ಕೆ ಮೊದಲೇ ಆಸ್ಪತ್ರೆಯ ಸುದ್ದಿಯನ್ನೆಲ್ಲ ಒಪ್ಪಿಸುವುದು ಅವಳ ರೂಢಿ. ಬರೀ ಸುದ್ದಿಯಲ್ಲ, ಮಾತಾಡಿದವರ ನಡಿಗೆ, ಕೆಮ್ಮು, ಮೂಗು ಒರೆಸುವ ಬಗೆ, ಎಲ್ಲವೂ ಬರಬೇಕು. ಆವತ್ತು ಅವಳು ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, ಸೊಂಟಕ್ಕೆ ಕೈ ಕೊಟ್ಟು, ಅಡಿಗೆಮನೆ ಬಾಗಿಲಲ್ಲಿ ನಿಂತಳು.

"'ಇದೇನ್ರೀ? ಗೆರೆಯಾ, ಇರುವೆ ಸಾಲಾ? ನಾನೇನು ಭೂತಗನ್ನಡಿ ಹಿಡ್ಕೊಂಡು ಡ್ಯೂಟಿ ಮಾಡ್ಲಾ?' ಅಂತ ಕೂಗಿದ್ರು ಅತ್ತಿಗೆ, ನಮ್ಮ ಗೆರೆ ಸಿಸ್ಟರ್. ಆಫೀಸಿನ ಬಾಗಿಲು ಹಾಕಿತ್ತು. ಆದ್ರೂ ಲಿಫ್ಟಿನ ತನಕ ಕೇಳಿಸ್ತು."

"ಗೆರೆ ಸಿಸ್ಟರ್ರಾ? ಅದೆಂಥ ಹೆಸರೇ?"

ಹೆಸರಲ್ಲ, ಅಡ್ಡಹೆಸರು. ಆಪರೇಷನ್ ಆದವರನ್ನು ಮಲಗಿಸುವ ವಾರ್ಡಿಗೆ ಹೆಡ್ ಸಿಸ್ಟರ್ ಆಕೆ. ಅಲ್ಲಿ ಪ್ರತಿ ಮಂಚದ ತಲೆಯ ಮೇಲೆ, ಗೋಡೆಯಲ್ಲಿ, ಚಿಕ್ಕ ಟಿವಿಯಂಥ ಒಂದು ಮಾನಿಟರ್. ಅದರಲ್ಲಿ ಎದೆಬಡಿತದ್ದೊಂದು ಗೆರೆ, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಿಂದ ನಾಡಿಯದ್ದೊಂದು ಗೆರೆ, ಉಸಿರಿನದ್ದೊಂದು ಗೆರೆ ಸದಾ ಓಡುತ್ತಿರುತ್ತವೆ. ಅಷ್ಟೂ ಮಂಚಗಳ ಅಷ್ಟೂ ಗೆರೆಗಳು ಸಿಸ್ಟರ್ ಮೇಜಿನ ಮೇಲಿನ ಒಂದೇ ಒಂದು ಸ್ಕ್ರೀನಿಗೂ ಬಂದು ಬೀಳುತ್ತವೆ. ಮದುವೆ ಬಸ್ಸಿಗೆ ತುಂಬಿದ ಜನರ ಹಾಗೆ ಒಂದರ ಮೇಲೊಂದು. ಯಾರದ್ದು ಎಲ್ಲಿ ಮುಗಿಯಿತು, ಯಾರದ್ದು ಎಲ್ಲಿ ಶುರುವಾಯಿತು ಎಂದು ಹೇಳಲು ಮುಖವನ್ನು ಗಾಜಿಗೆ ತಾಗಿಸಬೇಕು. ಹೋಗಲಿ, ತಲೆಯೆತ್ತಿ ಗೋಡೆಯ ಮಾನಿಟರುಗಳನ್ನಾದರೂ ನೋಡೋಣ ಎಂದರೆ ಅವು ಸಿಸ್ಟರ್ ಮೇಜಿಗೆ ಬೆನ್ನು ಕೊಟ್ಟಂತೆ ಕಾರಿಡಾರಿನ ಗಾಜಿನ ಕಡೆಗೆ ತಿರುಗಿವೆ. ಏಕೆಂದರೆ ಆಸ್ಪತ್ರೆ ನೋಡಲು ಬರುವ ದೊಡ್ಡ ಮನುಷ್ಯರು ಗಾಜಿನಾಚೆ ನಿಂತು ಬಣ್ಣಬಣ್ಣದ ಗೆರೆ ನೋಡಿ "ಭೇಷ್" ಅನ್ನಬೇಕಲ್ಲ! ರೋಗಿಯನ್ನು ಕಾಯುವವರಿಗೆ ಕಾಣದಿದ್ದರೂ ಪರವಾಗಿಲ್ಲ, ಮೆರವಣಿಗೆಗೆ ಕಾಣಬೇಕು.

"ಮೇಜಿಗೆ ಇನ್ನೊಂದು ದೊಡ್ಡ ಸ್ಕ್ರೀನ್ ಕೊಡಿ, ಗೋಡೇದನ್ನ ಈ ಕಡೆ ತಿರುಗ್ಸಿ, ಅಷ್ಟೇ ಸಿಸ್ಟರ್ ಕೇಳೋದು," ಎಂದಳು ನಾದಿನಿ. "ಬೆಳಿಗ್ಗೆ ಎದ್ರೆ ಗೆರೆ, ಊಟಕ್ಕೆ ಕೂತ್ರೆ ಗೆರೆ. ಆ ಕೋಟಿನವನು ಅವರನ್ನ ನೋಡಿದ್ರೆ ಲಿಫ್ಟ್ ಬಿಟ್ಟು ಮೆಟ್ಲಲ್ಲಿ ಓಡ್ತಾನೆ."

ಕೋಟಿನವನು ಎಂದರೆ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವನು. ಡಾಕ್ಟರಲ್ಲ. ಬೇಸಿಗೆಯಲ್ಲೂ ಕೋಟು ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

ಒಳಗಿನ ಕೋಣೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತ ಕೂತಿದ್ದ ನಾದಿನಿಯ ಅಣ್ಣ, ಡ್ರೈವರು, ನಕ್ಕರು. ಬಸ್ಸು ಓಡಿಸಿ ನಿವೃತ್ತರಾಗಿದ್ದ ಅವರಿಗೆ ಲೋಕದ ಯಾವ ಮಾತು ಬಂದರೂ ಕೊನೆಗೆ ಬಸ್ಸಿನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

"ಪಾಪ ಕಣೇ ಆ ಸಿಸ್ಟರಮ್ಮ. ನನ್ನ ಹಳೇ ಬಸ್ಸಲ್ಲಿ ಡೀಸೆಲ್ ಮುಳ್ಳು ಯಾವಾಗ್ಲೂ ಫುಲ್ಲೇ ತೋರಿಸ್ತಿತ್ತು. ಟ್ಯಾಂಕು ಒಣಗಿ ಸೇತುವೆ ಮೇಲೆ ನಿಂತಾಗ್ಲೂ ಫುಲ್! ಬಸ್ಸಿನ ತುಂಬ ಜನ ಇಳಿದು ನಂಗೆ ಬೈದ್ರು. ಮುಳ್ಳಿಗೆ ಒಬ್ರಾದ್ರೂ ಬೈದ್ರಾ? ಇಲ್ಲ."

ಆ ನಗುವಿನಲ್ಲೇ ಟೀ ಉಕ್ಕಿದ್ದು.

ಕೆಲವು ವಾರ ಕಳೆದ ಮೇಲೆ ನಾದಿನಿ ಇನ್ನೊಂದು ಸುದ್ದಿ ತಂದಳು. ದೊಡ್ಡ ಸ್ಕ್ರೀನು ಬರಲಿಲ್ಲ, ಗೋಡೆಯ ಮಾನಿಟರುಗಳೂ ತಿರುಗಲಿಲ್ಲ. ಆದರೆ ಕೋಟಿನವನು ಒಬ್ಬ ಮೆಕ್ಯಾನಿಕ್ಕನ್ನು ಕಳಿಸಿದ್ದ. ಅವನು ಮಂಚದಿಂದ ಮಂಚಕ್ಕೆ ಹೋಗಿ ಏನೋ ಒತ್ತಿದ. ಒತ್ತಿದ್ದೇ ತಡ, ಗೆರೆಗಳೆಲ್ಲ ಎದ್ದು ನಿಂತವು.

"ಯಾರ ಗೆರೆ ನೋಡಿದ್ರೂ ಬೆಟ್ಟದ ಸಾಲು ಅತ್ತಿಗೆ. ಮೇಜಿನ ಸ್ಕ್ರೀನಲ್ಲೂ ದೂರದಿಂದಲೇ ಕಾಣುತ್ತೆ. ಸಿಸ್ಟರು ಆ ಮೆಕ್ಯಾನಿಕ್ಕಿಗೆ ತಾವೇ ಟೀ ತಂದು ಕೊಟ್ರು! 'ಕೇಳಿದ್ದು ಕೊಡ್ಲಿಲ್ಲ, ಆದ್ರೂ ಕಣ್ಣಿಗೆ ಕಾಣೋ ಹಾಗೆ ಮಾಡಿದ್ಯಲ್ಲ ಮಾರಾಯ' ಅಂದ್ರು."

ಅಲ್ಲಿಗೆ ಎಲ್ಲರಿಗೂ ಸಂತೋಷ. ಸಿಸ್ಟರಿಗೆ ಗೆರೆ ಕಂಡಿತು, ಕೋಟಿನವನಿಗೆ ಖರ್ಚು ಉಳಿಯಿತು, ಗಾಜಿನಾಚೆಯ ದೊಡ್ಡ ಮನುಷ್ಯರಿಗೆ ಇನ್ನೂ ಎತ್ತರದ ಬೆಟ್ಟ ಕಂಡಿತು. ಆ ಬೆಟ್ಟಗಳು ಎಂಥವು ಎಂದು ಯಾರೂ ಕೇಳಲಿಲ್ಲ.

ಆ ವರ್ಷವೇ ಡ್ರೈವರಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ಆಯಿತು. ಚೆನ್ನಾಗಿಯೇ ಆಯಿತು ಎಂದರು. ನಾದಿನಿಯ ವಾರ್ಡಿಗೇ ತಂದು ಮಲಗಿಸಿದರು. ಅಲ್ಲಿಯೇ ಡ್ರೈವರಮ್ಮ ಗೆರೆ ಸಿಸ್ಟರನ್ನು ಕಣ್ಣಾರೆ ಕಂಡದ್ದು. ನಾದಿನಿಯ ಅಣಕದಲ್ಲಿ ಆಕೆ ಎತ್ತರದ ಹೆಂಗಸು. ನಿಜದಲ್ಲಿ ಗಿಡ್ಡಕ್ಕೆ, ದುಂಡಗೆ, ಹಿಮ್ಮಡಿ ಸವೆದ ಬಿಳಿ ಬೂಟು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಡ್ಯೂಟಿಗೆ ಬಂದ ಕೂಡಲೇ ಒಂದು ಸ್ಟೂಲು ಎಳೆದುಕೊಂಡು ಹತ್ತಿ, ಪ್ರತಿ ಮಾನಿಟರಿನ ಗಾಜನ್ನೂ ತಮ್ಮ ಕರ್ಚೀಫಿನಿಂದ ಒರೆಸುತ್ತಿದ್ದರು. ಅದು ಆಯಾಗಳ ಕೆಲಸ. ಆದರೂ ಅವರೇ ಮಾಡಬೇಕು.

"ಸಿಸ್ಟರಮ್ಮಾ, ನನ್ನ ಗಾಡಿ ಹೇಗಿದೆ?" ಡ್ರೈವರು ಮಲಗಿದಲ್ಲಿಂದಲೇ ಕೇಳಿದರು.

"ಸೈಲೆನ್ಸರ್ ಜಾಸ್ತಿ ಸದ್ದು ಮಾಡ್ತಿದೆ. ಮಾತು ಕಮ್ಮಿ ಮಾಡಿ, ಹೊಲಿಗೆ ಬಿಟ್ಟೀತು."

ಡ್ರೈವರಮ್ಮನಿಗೂ ಅವರು ಗೆರೆ ನೋಡುವುದನ್ನು ಹೇಳಿಕೊಟ್ಟರು. ಮೇಲಿನದ್ದು ಎದೆ, ನಡುವಿನದ್ದು ಬೆರಳಿನ ನಾಡಿ, ಕೆಳಗಿನದ್ದು ಉಸಿರು. "ಈ ನಡುವಿಂದು ನೋಡಿ ಅಮ್ಮ. ರಕ್ತ ಬೆರಳ ತುದಿಗೆ ಚೆನ್ನಾಗಿ ಬರ್ತಿದ್ರೆ ಗೆರೆ ತುಂಬಿಕೊಂಡಿರುತ್ತೆ. ಬರೋದು ಕಮ್ಮಿ ಆದ್ರೆ ಗೆರೆ ಬಡವಾಗುತ್ತೆ. ಈಗ ನೋಡಿ, ಹೇಗೆ ತುಂಬಿದೆ!"

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಡ್ರೈವರಮ್ಮನಿಗೆ ಈ ಪಾಠ ಹಿಡಿಸಿತು. ಅಂದಿನಿಂದ ಗಂಡನ ಮುಖ ನೋಡುವಷ್ಟೇ ಆ ಗೋಡೆಯನ್ನೂ ನೋಡಿದಳು.

ಆಪರೇಷನ್ ಆದ ಮಾರನೆಯ ಮಧ್ಯಾಹ್ನ ಡ್ರೈವರ ಮಾತು ನಿಂತಿತು. ಹೊಲಿಗೆ ಬಿಟ್ಟರೂ ಮಾತು ಬಿಡದ ಮನುಷ್ಯ ಮಾತು ಬಿಟ್ಟರೆ ಹೆಂಡತಿಗೆ ತಿಳಿಯುವುದಿಲ್ಲವೇ? ಅವರಿಗೆ ಬಾಯಾರಿಕೆ. ಮಗ್ಗುಲು ಬದಲಿಸಬೇಕು, ಬದಲಿಸಿದರೆ ಸಮಾಧಾನವಿಲ್ಲ. ಹಣೆಯಲ್ಲಿ ಬೆವರು. ಅವಳು ಅಂಗೈ ಹಿಡಿದಳು. ತಣ್ಣಗಿತ್ತು.

ಕರೆದ ತಕ್ಷಣ ಸಿಸ್ಟರ್ ಬಂದರು. ಇಷ್ಟನ್ನು ಡ್ರೈವರಮ್ಮ ಮುಂದೆಯೂ ಎಲ್ಲರೆದುರು ಹೇಳಿದಳು. ಬಂದರು, ನೋಡಿದರು, ನಾಡಿಯ ಲೆಕ್ಕ ಏರಿದ್ದು ಗಮನಿಸಿದರು, ಗೋಡೆಯ ಫೋನೆತ್ತಿ ಡ್ಯೂಟಿಯಲ್ಲಿದ್ದ ಚಿಕ್ಕ ಡಾಕ್ಟರಮ್ಮನಿಗೆ ತಿಳಿಸಿದರು. ಆಚೆಯಿಂದ ಏನೋ ಕೇಳಿದ್ದಕ್ಕೆ ಸಿಸ್ಟರ್ ಕತ್ತೆತ್ತಿ ಮಾನಿಟರ್ ನೋಡಿದರು. ಡ್ರೈವರಮ್ಮನೂ ನೋಡಿದಳು. ನಡುವಿನ ಗೆರೆ ಎಂದಿನಂತೆ ಬೆಟ್ಟದ ಸಾಲು.

"ತುಂಬಿದೆ ಡಾಕ್ಟ್ರೇ," ಎಂದರು ಸಿಸ್ಟರ್. ಆಮೇಲೆ "ಸರಿ, ನೋವಿನ ಔಷಧೀನೇ ಕೊಡ್ತೀನಿ" ಎಂದು ಫೋನಿಟ್ಟರು.

"ಸಿಸ್ಟರ್, ಕೈ ತಣ್ಣಗಿದೆ," ಎಂದಳು ಡ್ರೈವರಮ್ಮ.

"ಎಸಿ ಗಾಳಿ ಅಮ್ಮ. ಗೆರೆ ಚೆನ್ನಾಗಿದೆ ನೋಡಿ, ಹೆದರ್ಬೇಡಿ." ಹೊದಿಕೆಯನ್ನು ಕೈಯ ಮೇಲೆ ಎಳೆದು ಮುಚ್ಚಿ, ಔಷಧಿ ತರಲು ಹೋದರು.

ಹೊಟ್ಟೆಯೊಳಗೆ ಹೊಲಿಗೆ ಸಡಿಲಿ ರಕ್ತ ಒಸರುತ್ತಿತ್ತು ಎಂದು ಗೊತ್ತಾದದ್ದು ದೀಪ ಹಚ್ಚುವ ಹೊತ್ತಿಗೆ. ಮಂಚದ ಸಮೇತ ಓಡಿಸಿಕೊಂಡು ಹೋದರು. ಮತ್ತೆ ಆ ಮಂಚ ಖಾಲಿಯೇ ಬಂತು.

ದುಃಖಕ್ಕೆ ಮೈಯೆಲ್ಲ ಕೈ ಎನ್ನುತ್ತಾರೆ. ಎಲ್ಲಿ ತಪ್ಪಿಸಿಕೊಂಡರೂ ಹಿಡಿಯುತ್ತದೆ. ಆದರೆ ಡ್ರೈವರಮ್ಮನನ್ನು ಆ ದಿನಗಳಲ್ಲಿ ಹಿಡಿದು ನಿಲ್ಲಿಸಿದ್ದು ದುಃಖವಲ್ಲ, ಸಿಟ್ಟು. "ಕೈ ತಣ್ಣಗಿದೆ ಅಂದೆ. ಅವಳು ಗೋಡೆ ನೋಡಿದ್ಲು." ಬಂದವರಿಗೆಲ್ಲ ಅದನ್ನೇ ಹೇಳಿದಳು. ನಾದಿನಿ "ಸಿಸ್ಟರು ಮೂರು ಹೊತ್ತೂ ಅಳ್ತಿದ್ದಾರೆ ಅತ್ತಿಗೆ" ಎಂದಾಗ, "ಅಳಲಿ. ಅತ್ತರೆ ನಿಮ್ಮಣ್ಣ ಎದ್ದು ಬರ್ತಾರಾ?" ಎಂದು ಬಾಯಿ ಮುಚ್ಚಿಸಿದಳು.

ಇಂಥ ಸಿಟ್ಟಿನ ವಾಸನೆ ಹಿಡಿದುಕೊಂಡು ಬರುವವರು ಇದ್ದೇ ಇರುತ್ತಾರೆ. ಬಂದ, ಕೋಟಿನವನು. ಮನೆಯ ಮುಂದೆ ಕಾರು ನಿಂತಿತು. ಬಾಗಿಲಲ್ಲಿ ತಲೆ ತಗ್ಗಿಸಿ, ಧ್ವನಿ ತಗ್ಗಿಸಿ ಒಳಗೆ ಬಂದು ಡ್ರೈವರ ಕುರ್ಚಿಯಲ್ಲೇ ಕೂತ. ಆ ಕುರ್ಚಿಯಲ್ಲಿ ಮೊಮ್ಮಕ್ಕಳೂ ಕೂರುತ್ತಿರಲಿಲ್ಲ.

"ನಿಮ್ಮ ಕೋಪ ನ್ಯಾಯವಾದದ್ದು ತಾಯಿ. ನಾವು ಸುಮ್ನೆ ಬಿಡಲ್ಲ. ಸೋಮವಾರ ವಿಚಾರಣೆ ಇಟ್ಟಿದ್ದೀವಿ. ಸಿಸ್ಟರು ನಿರ್ಲಕ್ಷ್ಯ ಮಾಡಿದ್ರು, ಡಾಕ್ಟರಿಗೆ ತಪ್ಪು ಹೇಳಿದ್ರು, ಅಷ್ಟು ನಿಮ್ಮ ಬಾಯಲ್ಲಿ ಬಂದ್ರೆ ಸಾಕು. ಮಾರನೇ ದಿನ ಅವರು ಮನೇಲಿರ್ತಾರೆ."

"ಬರ್ತೀನಿ," ಎಂದಳು ಡ್ರೈವರಮ್ಮ. ಹಲ್ಲು ಕಚ್ಚಿಯೇ ಹೇಳಿದಳು.

ಕಾರು ಹೋದ ಮೇಲೆ ಕುರ್ಚಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಏಕೆ ಒರೆಸಿದೆನೆಂದು ಅವಳಿಗೇ ಗೊತ್ತಾಗಲಿಲ್ಲ.

ವಿಚಾರಣೆಗೆ ಮುಂಚೆ ಒಮ್ಮೆ ಅವಳು ವಾರ್ಡಿಗೆ ಹೋಗಬೇಕಾಯಿತು. ಡ್ರೈವರ ಚಪ್ಪಲಿ, ಹಲ್ಲಿನ ಸೆಟ್ಟು, ಓದುವ ಕನ್ನಡಕ ಅಲ್ಲೇ ಉಳಿದಿದ್ದವು. ನಾದಿನಿ ತಂದುಕೊಡುತ್ತೇನೆ ಎಂದರೂ ಕೇಳಲಿಲ್ಲ. ತನ್ನ ಗಂಡನ ಹಲ್ಲು ತಾನೇ ತರುತ್ತೇನೆ ಎಂದು ಹೊರಟಳು.

ಬಾಗಿಲು ತಳ್ಳಿದರೆ ಒಳಗೆ ಒಂದು ಮಂಚದ ಹತ್ತಿರ ಸಿಸ್ಟರೂ ಚಿಕ್ಕ ಡಾಕ್ಟರಮ್ಮನೂ ನಿಂತಿದ್ದರು. ಮಂಚದಲ್ಲಿ ಒಣಗಿದ ಕಡ್ಡಿಯಂಥ ಒಬ್ಬ ಮುದುಕ. ಡಾಕ್ಟರಮ್ಮ ಎಲ್ಲಿಂದಲೋ ಒಂದು ಹಳೆಯ, ಮೂಲೆ ಒಡೆದ ಮಾನಿಟರ್ ಹೊತ್ತು ತಂದು ಸ್ಟೂಲಿನ ಮೇಲಿಟ್ಟಿದ್ದರು. ಮುದುಕನ ಒಂದು ಬೆರಳಿಗೆ ಗೋಡೆಯ ಮಾನಿಟರಿನ ಕ್ಲಿಪ್ಪು, ಪಕ್ಕದ ಬೆರಳಿಗೆ ಹಳೆಯದರ ಕ್ಲಿಪ್ಪು. ಒಬ್ಬನೇ ಮನುಷ್ಯ, ಒಂದೇ ಕೈ. ಗೋಡೆಯ ಮೇಲೆ ಬೆಟ್ಟದ ಸಾಲು. ಸ್ಟೂಲಿನ ಮೇಲೆ ನೆಲಕ್ಕಂಟಿ ತೆವಳುವ ಎರೆಹುಳುವಿನಂಥ ಗೆರೆ.

ಡ್ರೈವರಮ್ಮ ನಿಂತಲ್ಲೇ ನಿಂತಳು. ಚಪ್ಪಲಿ ಕೇಳಲು ಬಂದವಳು ಕೇಳಿದ್ದು ಬೇರೆ.

"ಯಾವುದು ನಿಜ?"

ಡಾಕ್ಟರಮ್ಮ ತಿರುಗಿ ನೋಡಿದರು. ಮಗಳ ವಯಸ್ಸಿನ ಹುಡುಗಿ. ಕಣ್ಣ ಸುತ್ತ ಕಪ್ಪು ಕಟ್ಟಿತ್ತು.

"ಚಿಕ್ಕದು ನಿಜ ಅಮ್ಮ. ಗೋಡೇಲಿರೋದಕ್ಕೆ, ಗೆರೆ ಎಷ್ಟೇ ಸಣ್ಣದಾಗ್ಲಿ, ತಾನೇ ಎಳೆದು ಹಿಗ್ಗಿಸಿ ಚೌಕ ತುಂಬಿಸೋ ಹಾಗೆ ಮಾಡಿಟ್ಟಿದ್ದಾರೆ. ನಾಡಿ ಕುಗ್ಗಿದಷ್ಟೂ ಅದು ಜಾಸ್ತಿ ಹಿಗ್ಗಿಸುತ್ತೆ. ಬೇರೆ ಕಡೆ ಪಕ್ಕದಲ್ಲಿ ಅಳತೆಗೆ ಅಂತ ಒಂದು ಪುಟ್ಟ ಕಂಬ ನಿಂತಿರುತ್ತೆ, ಅದಕ್ಕೆ ಹೋಲಿಸಿ ನೋಡ್ಬೇಕು. ಇಲ್ಲಿ ಆ ಕಂಬಾನೂ ತೆಗೆದಿದ್ದಾರೆ. ಅಂದ ಕೆಡುತ್ತೆ ಅಂತ. ನಂಗೆ ಗೊತ್ತಿರ್ಲಿಲ್ಲ. ಫೋನಲ್ಲಿ ನಾನೇ ಕೇಳಿದ್ದು, ಗೆರೆ ಹೇಗಿದೆ ಅಂತ."

"ಗೆರೆ ಸಣ್ಣದಾಗಿ ಕಂಡಿದ್ರೆ ಅವರು ಉಳೀತಿದ್ರಾ?"

"ಉಳೀತಿದ್ರು ಅಂತ ಸುಳ್ಳು ಹೇಳಲ್ಲ. ಓಡಿ ಬರ್ತಿದ್ದೆ. ಅಷ್ಟು ಹೇಳ್ತೀನಿ."

ಸಿಸ್ಟರ್ ಅಷ್ಟು ಹೊತ್ತೂ ನೆಲ ನೋಡುತ್ತಿದ್ದರು. ಡ್ರೈವರಮ್ಮ ಅವರ ಎದುರಿಗೆ ಹೋಗಿ ನಿಂತಳು. ವಾರದಿಂದ ಬಾಯಲ್ಲಿಟ್ಟು ಅಗಿದಿದ್ದ ಮಾತು ಹೊರಗೆ ಬಂತು.

"ಕೈ ತಣ್ಣಗಿದೆ ಅಂದೆನಲ್ಲ!"

"ಅಂದ್ರಿ."

"ಕೇಳಿಸ್ಲಿಲ್ವಾ?"

"ಕೇಳಿಸ್ತು ಅಮ್ಮ. ನೀವು ಕೈ ನೋಡಿದ್ರಿ. ನಾನು ಗೋಡೆ ನೋಡಿದೆ." ಸಿಸ್ಟರ್ ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ದಾರದಲ್ಲಿ ನೇತಾಡಲು ಬಿಟ್ಟರು. "ನಾನೇ ಅಲ್ವಾ ಗೆರೆ ಕಾಣೋ ಹಾಗೆ ಮಾಡಿ ಅಂತ ಪ್ರಾಣ ತಿಂದವಳು? ಕಾಣೋ ಹಾಗೆ ಮಾಡಿದ್ರು. ನಂಬಿದೆ. ಇಷ್ಟು ವರ್ಷ ಕೈ ಮುಟ್ಟಿ ನೋಡಿದವಳು ಆವತ್ತು ಮುಟ್ಲಿಲ್ಲ. ಸೋಮವಾರ ನೀವು ಅದನ್ನೇ ಹೇಳಿ. ನಾನು ಇಲ್ಲ ಅನ್ನಲ್ಲ."

ಇಲ್ಲ ಅನ್ನುವವರ ಮೇಲೆ ಹರಿಹಾಯುವುದು ಸುಲಭ. ಹೌದು ಅನ್ನುವವರನ್ನು ಏನು ಮಾಡುವುದು? ಡ್ರೈವರಮ್ಮ ಆಚೀಚೆ ನೋಡಿದಳು. ಸಾಲಾಗಿ ಮಂಚಗಳು. ಪ್ರತಿ ತಲೆಯ ಮೇಲೂ ಅದೇ ಬೆಟ್ಟದ ಸಾಲು, ಅದೇ ಎತ್ತರ. ಒಬ್ಬರದ್ದೂ ಹೆಚ್ಚಿಲ್ಲ, ಒಬ್ಬರದ್ದೂ ಕಮ್ಮಿಯಿಲ್ಲ.

"ಮತ್ತೆ ಇವೆಲ್ಲ? ಇವನ್ನ ಇನ್ನೂ ಯಾಕೆ ಹೀಗೇ ಇಟ್ಟಿದ್ದೀರಾ?"

ಡಾಕ್ಟರಮ್ಮ ಬಾಗಿಲಿನ ಕಡೆ ಕಣ್ಣು ಹಾಯಿಸಿ ಹೇಳಿದರು: "ವಿಚಾರಣೆ ಮುಗಿಯೋ ತನಕ ಯಾರೂ ಮಾನಿಟರ್ ಮುಟ್ಬಾರ್ದು ಅಂತ ಆರ್ಡರ್ ಆಗಿದೆ. ಈಗ ಬದಲಾಯಿಸಿದ್ರೆ ಮಾನಿಟರ್ ತಪ್ಪಿತ್ತು ಅಂತ ಒಪ್ಕೊಂಡ ಹಾಗಂತೆ. ಸಿಸ್ಟರ್ ತಪ್ಪು ಅಂತ ಆದ್ರೆ ಆಮೇಲೆ ಬದಲಾಯಿಸೋ ಅಗತ್ಯಾನೇ ಇರಲ್ವಂತೆ."

ಡ್ರೈವರಮ್ಮ ಹಲ್ಲಿನ ಸೆಟ್ಟನ್ನು ಮರೆತು ಮನೆಗೆ ಬಂದಳು. ನಾದಿನಿ ಹಿಂದೆಯೇ ಓಡಿ ಬಂದು, ಬೀದಿಯ ತಿರುವಿನಲ್ಲಿ ಏದುಸಿರು ಬಿಡುತ್ತ ಪೊಟ್ಟಣ ಕೈಗಿಟ್ಟಳು.

"ಅತ್ತಿಗೆ, ಸೋಮವಾರ ಏನು ಹೇಳ್ತೀರಾ?"

"ಗೊತ್ತಿಲ್ಲ ಹೋಗೇ. ಆ ಕೋಟಿನವನು ನನ್ನ ಬಾಯನ್ನ ಬಾಡಿಗೆಗೆ ತಗೊಂಡಿದೀನಿ ಅಂದ್ಕೊಂಡಿದಾನೆ."

ಸೋಮವಾರ ಬಂತು. ಉದ್ದ ಮೇಜಿನ ಕೋಣೆ. ಆಚೆ ಬದಿಗೆ ದೊಡ್ಡ ಡಾಕ್ಟರು, ಹೊರಗಿನಿಂದ ಕರೆಸಿದ ಇನ್ನೊಬ್ಬ ಹಿರಿಯರು, ಕೋಟಿನವನು. ಗೋಡೆಗೆ ಹಾಕಿದ ಬೆಂಚಿನಲ್ಲಿ ಸಿಸ್ಟರ್. ಅಷ್ಟರಲ್ಲಿ ಡ್ಯೂಟಿಯಿಂದ ಇಳಿಸಿದ್ದರೂ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲೇ ಬಂದಿದ್ದರು. ಡಾಕ್ಟರಮ್ಮ ಬಾಗಿಲ ಹತ್ತಿರ. ಡ್ರೈವರಮ್ಮನಿಗೆ ಮೆತ್ತನೆಯ ಕುರ್ಚಿ ಕೊಟ್ಟರು, ಜ್ಯೂಸ್ ಕೊಟ್ಟರು. ಅವಳು ಜ್ಯೂಸನ್ನು ದೂರ ಸರಿಸಿದಳು.

"ಹೇಳಿ ತಾಯಿ," ಕೋಟಿನವನು ಶುರುಮಾಡಿದ. "ನೀವು ಕರೆದಾಗ ಸಿಸ್ಟರು ಸರಿಯಾಗಿ ನೋಡ್ಲಿಲ್ಲ. ಅಲ್ವಾ?"

"ನೋಡಿದ್ರು."

"ಅಂದ್ರೆ, ಲಕ್ಷ್ಯ ಕೊಟ್ಟು ನೋಡ್ಲಿಲ್ಲ ಅಂತ."

"ಕರೆದ ತಕ್ಷಣ ಬಂದ್ರು. ಫೋನ್ ಮಾಡಿದ್ರು. ಗೆರೆ ಹೇಗಿದೆ ಅಂತ ಕೇಳಿದ್ದಕ್ಕೆ ಕತ್ತೆತ್ತಿ ನೋಡಿ, ತುಂಬಿದೆ ಅಂದ್ರು. ನಾನೂ ನೋಡಿದೆ. ತುಂಬೇ ಇತ್ತು. ನಿಮ್ಮ ಗೋಡೆ ಹಾಗೆ ಹೇಳ್ತು."

ದೊಡ್ಡ ಡಾಕ್ಟರು ಪೆನ್ನು ಕೆಳಗಿಟ್ಟರು. ಕೋಟಿನವನು ಮುಖದ ಮೇಲೆ ಮರುಕ ತಂದುಕೊಂಡ.

"ನೀವಿನ್ನೂ ದುಃಖದಲ್ಲಿದ್ದೀರಿ ತಾಯಿ. ಮೊನ್ನೆ ಮನೇಲಿ ಬೇರೆ ಹೇಳಿದ್ರಿ. ಕೈ ತಣ್ಣಗಿದೆ ಅಂದ್ರೂ ಸಿಸ್ಟರು ಕೇಳ್ಲಿಲ್ಲ ಅಂತ."

"ಹೇಳಿದೆ. ಈಗ್ಲೂ ಹೇಳ್ತೀನಿ. ಮುಟ್ಟಿ ನೋಡ್ಬೇಕಿತ್ತು, ನೋಡ್ಲಿಲ್ಲ. ಆ ಸಿಟ್ಟು ನಂಗೆ ಸಾಯೋ ತನಕ ಇರುತ್ತೆ. ಆದ್ರೆ ಅದು ನನ್ನ ಸಿಟ್ಟು ಸ್ವಾಮಿ. ನನಗೂ ಆಕೆಗೂ ಇರೋದು. ಅದನ್ನ ನಿಮ್ಮ ಕೈಗೆ ಕೊಡೋಕೆ ಬಂದಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ, ಆ ಕಬ್ಬಿಣ ಕಾಯ್ಸೋಕೆ ನನ್ನ ಒಲೆ ಬೇಕಿತ್ತಾ ನಿಮಗೆ?"

"ತಾಯಿ, ಮಾತು ಸ್ವಲ್ಪ..."

"ದೊಡ್ಡ ಸ್ಕ್ರೀನ್ ಕೊಡಿ ಅಂತ ಆಕೆ ವರ್ಷಗಟ್ಲೆ ಕೂಗಿದ್ರು. ನೀವು ಕೊಟ್ಟಿದ್ದು ಏನು? ಸಾಯೋರ ಗೆರೆಗೂ ಪೌಡರ್ ಹಚ್ಚಿ ನಿಲ್ಲಿಸಿದ್ರಿ. ಗಾಜಿನಾಚೆ ನಿಂತೋರಿಗೆ ಚೆಂದ ಕಾಣ್ಲಿ ಅಂತ! ನನ್ನ ಗಂಡ ರಕ್ತ ಬಸಿದುಕೊಂಡು ಮಲಗಿದ್ರು, ಅವರ ತಲೆ ಮೇಲೆ ಬೆಟ್ಟದ ಸಾಲು ಬರೆದಿಟ್ಟಿದ್ರಿ." ಅವಳು ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ತಿಳಿಯದು. "ಅದೂ ಹೋಗ್ಲಿ. ತಿಳೀದೆ ಮಾಡಿದ್ರಿ. ಈಗ ತಿಳೀತಲ್ಲ? ಕೆಳಗೆ ವಾರ್ಡಲ್ಲಿ ಇವತ್ತೂ ಅವೇ ಬೆಟ್ಟ ಇವೆ. ಅಲ್ಲಿ ಮಲಗಿರೋರು ಯಾರ ಗಂಡ, ಯಾರ ಅಮ್ಮ? ವಿಚಾರಣೆ ಮುಗಿಯೋ ತನಕ ಅವರು ಉಸಿರು ಬಿಗಿಹಿಡ್ಕೊಂಡಿರ್ಬೇಕಾ?"

ಹೊರಗಿನಿಂದ ಬಂದಿದ್ದ ಹಿರಿಯರು ಕೋಟಿನವನ ಕಡೆ ತಿರುಗಿದರು. "ಇನ್ನೂ ಬದಲಾಯಿಸಿಲ್ವಾ?"

"ಸರ್, ಪ್ರೊಸೀಜರ್ ಪ್ರಕಾರ..."

"ಬನ್ನಿ ತೋರಿಸ್ತೀನಿ," ಎಂದಳು ಡ್ರೈವರಮ್ಮ. "ಈಗ್ಲೇ ಬನ್ನಿ. ಆ ಮೂಲೆ ಒಡೆದ ಹಳೇದನ್ನೂ ತರ್ಸಿ."

ಯಾರೂ ಏಳಲಿಲ್ಲ. ಬಾಗಿಲ ಹತ್ತಿರ ಇದ್ದ ಡಾಕ್ಟರಮ್ಮ ಬಾಗಿಲು ತೆರೆದು ಹಿಡಿದುಕೊಂಡು ನಿಂತರು. ತೆರೆದ ಬಾಗಿಲು ಬಹಳ ಹೊತ್ತು ಹಾಗೆ ನಿಂತರೆ ಯಾರಾದರೂ ಏಳಲೇಬೇಕಾಗುತ್ತದೆ. ಮೊದಲು ಆ ಹಿರಿಯರು ಎದ್ದರು. ಆಮೇಲೆ ದೊಡ್ಡ ಡಾಕ್ಟರು. ಕೊನೆಗೆ ಕೋಟು.

ಆ ಒಣಕಡ್ಡಿ ಮುದುಕ ಇನ್ನೂ ಇದ್ದ. ಎರಡು ಬೆರಳಿಗೆ ಎರಡು ಕ್ಲಿಪ್ಪು ಸಿಕ್ಕಿಸಿದಾಗ, "ಮೂರನೇದಕ್ಕೆ ಉಂಗುರ ಹಾಕ್ತೀರಾ?" ಎಂದು ಕೇಳಿದ. ಗೋಡೆಯನ್ನೂ ಸ್ಟೂಲನ್ನೂ ನೋಡಿ ಹಿರಿಯರು ಒಂದೇ ಮಾತು ಹೇಳಿದರು: "ಇವತ್ತೇ."

ಅಂದೇ ಮೆಕ್ಯಾನಿಕ್ ಬಂದು ಆ ಹಿಗ್ಗಿಸುವುದನ್ನು ನಿಲ್ಲಿಸಿದ. ಪ್ರತಿ ಗೆರೆಯ ಪಕ್ಕದಲ್ಲೂ ಅಳತೆಯ ಪುಟ್ಟ ಕಂಬ ಮತ್ತೆ ನಿಂತಿತು. ಕೆಲವರ ಗೆರೆ ಕಂಬಕ್ಕಿಂತ ಎತ್ತರ, ಕೆಲವರದ್ದು ಅರ್ಧಕ್ಕೆ, ಒಬ್ಬಿಬ್ಬರದ್ದು ಪಾದಕ್ಕೆ. ಮನುಷ್ಯರು ಇರುವ ಹಾಗೆಯೇ. ಆ ಸಂಜೆ ಪಾದಕ್ಕಿದ್ದ ಒಂದು ಗೆರೆಯನ್ನು ಕಂಡು ಡಾಕ್ಟರಮ್ಮ ಓಡಿದರಂತೆ. ನಾದಿನಿ ಓಡಿದ ಹಾಗೆಯೇ ಓಡಿ ತೋರಿಸಿದಳು. ಆ ಹೆಂಗಸು ಬದುಕಿ ಮನೆಗೆ ಹೋದಳು. ಆಮೇಲೆ ಮೇಜಿಗೆ ದೊಡ್ಡ ಸ್ಕ್ರೀನೂ ಬಂತು. ಗೋಡೆಯ ಮಾನಿಟರುಗಳು ಕಾರಿಡಾರಿಗೆ ಬೆನ್ನು ಕೊಟ್ಟು ಮೇಜಿನ ಕಡೆ ತಿರುಗಿದವು.

ಎಲ್ಲ ಬಂತು. ಸಿಸ್ಟರ್ ಮಾತ್ರ ಆ ಮೇಜಿಗೆ ಬರಲಿಲ್ಲ. ಕೆಲಸದಿಂದ ತೆಗೆಯಲಿಲ್ಲ, ತೆಗೆಯುತ್ತೇವೆ ಎನ್ನಲು ಇನ್ನು ಬಾಯಿರಲಿಲ್ಲ. ಬಟ್ಟೆಗಳ ಉಗ್ರಾಣಕ್ಕೆ ಹಾಕಿದರು. ಹಾಸಿಗೆಯ ಬಟ್ಟೆ ಎಣಿಸಿ ಕೊಡುವ, ಕಿಟಕಿಯಿಲ್ಲದ ಕೋಣೆ. ಗೆರೆ ಕಾಣುವುದಿಲ್ಲ ಎಂದು ಕೂಗಿ ಹೇಳಿದವರನ್ನೇ ಏನೂ ಕಾಣದ ಕಡೆಗೆ ಕೂರಿಸಿದರು. ಕೋಟಿನವನಿಗೆ? ಅವನಿಗೆ ಬಡ್ತಿ. ಹೊಸ ಸ್ಕ್ರೀನುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡದ್ದು ಆಸ್ಪತ್ರೆಯ ಬಾಗಿಲಲ್ಲೇ ತೂಗಾಡಿತು. ಅದರ ಮುಂದೆ ಹಾದುಹೋಗುವಾಗಲೆಲ್ಲ ಡ್ರೈವರಮ್ಮ ಗಂಟಲು ಕೆರೆದು ಗಟ್ಟಿಯಾಗಿ ಕ್ಯಾಕರಿಸುತ್ತಿದ್ದಳು. ಉಗುಳುತ್ತಿರಲಿಲ್ಲ, ನೆಲ ಒರೆಸಬೇಕಾದವಳು ನಾದಿನಿ.

ಸಿಸ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಒಂದು ದಿನ ಮನೆಗೆ ಬಂದರು. ಬಾಗಿಲಲ್ಲಿ ನಿಂತೇ ಇದ್ದರು. ಡ್ರೈವರಮ್ಮ ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಕೊನೆಗೆ "ಟೀ ಕುಡೀತೀರಾ?" ಎಂದಳು. ಅಷ್ಟೇ. ಕ್ಷಮೆ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಆಮೇಲೆ ಆಗಾಗ ಬಂದರು. "ಅಮ್ಮ" ಹೋಗಿ "ಅಕ್ಕ" ಆಯಿತು. ಬಂದವರು ಮೊದಲು ಡ್ರೈವರಮ್ಮನ ಅಂಗೈ ಹಿಡಿದು ನೋಡುತ್ತಿದ್ದರು, ಆಮೇಲೆ ಕೂರುತ್ತಿದ್ದರು. ಡ್ರೈವರ ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ. ಯಾರೂ ಹೇಳಿರಲಿಲ್ಲ.

ಅವರಿಗೇ ಎದೆಯ ತೊಂದರೆ ಬಂದು ಅದೇ ವಾರ್ಡಿಗೆ ಸೇರಿಸಿದಾಗ ಡ್ರೈವರಮ್ಮ ನೋಡಲು ಹೋದಳು. ಹೊಸ ಸಿಸ್ಟರುಗಳು, ಹೊಸ ಬಣ್ಣ. ಮಂಚದಲ್ಲಿ ಗೆರೆ ಸಿಸ್ಟರ್ ಇನ್ನೂ ಗಿಡ್ಡವಾಗಿ ಕಾಣುತ್ತಿದ್ದರು. ಕನ್ನಡಕ ತೆಗೆದಿಟ್ಟಿದ್ದರು, ಅದಿಲ್ಲದೆ ಅವರಿಗೆ ತಮ್ಮ ಕೈಯೂ ಮಸುಕು. ಡ್ರೈವರಮ್ಮ ಕೂತು ಅವರ ಅಂಗೈ ಹಿಡಿದಳು. ತಣ್ಣಗಿತ್ತು. ಹೇಳಲಿಲ್ಲ. ಕತ್ತೆತ್ತಿ ಗೋಡೆ ನೋಡಿದಳು. ಕಂಬ ಇತ್ತು. ಅದರ ಪಾದದ ಹತ್ತಿರ ಸಣ್ಣದೊಂದು ಗೆರೆ, ಯಾರನ್ನೂ ಮೋಸ ಮಾಡದೆ ತೆವಳುತ್ತಿತ್ತು.

"ಅವರಿಗೆ ಗೊತ್ತಿದೆ ಅಕ್ಕ," ಸಿಸ್ಟರ್ ಕಣ್ಣು ತೆರೆಯದೆ ಹೇಳಿದರು. "ಡಾಕ್ಟರು ಎರಡು ಸಲ ಬಂದು ಹೋದ್ರು. ನೀವು ಕೂಗಾಡ್ಬೇಡಿ."

"ನಾನೇನು ಕೂಗಾಡ್ದೆ?"

"ಕೈ ಬಿಗಿ ಹಿಡಿದ್ರಿ. ನಂಗೆ ಗೊತ್ತಾಗಲ್ವಾ?" ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. ಪಕ್ಕದ ಮಂಚದಲ್ಲಿ ಅದೇ ಬೆಳಿಗ್ಗೆ ಆಪರೇಷನ್ ಆಗಿ ಬಂದ ಯಾರೋ ಹೆಂಗಸು ನರಳುತ್ತಿದ್ದಳು. ಸಿಸ್ಟರ್ ಆ ಕಡೆಗೆ ಮುಖ ತಿರುಗಿಸಲು ನೋಡಿದರು, ಆಗಲಿಲ್ಲ.

"ನಂದು ಬಿಡಿ ಅಕ್ಕ. ಅವಳ ತಲೆ ಮೇಲೆ ನೋಡಿ. ನಿನ್ನೆ ಆ ಮಾನಿಟರ್ ಬದಲಾಯಿಸಿದ್ರು. ಪಕ್ಕದಲ್ಲಿ ಕಂಬ ಇದೆಯಾ? ಇಲ್ಲಾಂದ್ರೆ ಸುಮ್ನೆ ಮನೆಗೆ ಹೋಗ್ಬೇಡಿ. ಎದ್ದು ಹೋಗಿ, ಮೊದ್ಲು ಅವಳ ಕೈ ಮುಟ್ಟಿ. ಆಮೇಲೆ ಕೂಗಿ."